ಬಚ್ಚಲ ಬಾಗಿಲು

ಕಳೆದ ದೀಪಾವಳಿ ಊಟದ ಸಾಲಿನಲ್ಲಿ ನಮ್ಮ ಸಂಘದ ಸದಸ್ಯರೊಬ್ಬರು ಕೇಳಿದರು: "ಡಾಕ್ಟ್ರೇ, ಅಮ್ಮನಿಗೆ ಎಂಬತ್ತೊಂದು ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ., ಈಗ ಸ್ಟ್ರೋಕ್ ಬೇರೆ. ರಿಹ್ಯಾಬ್ ಆಸ್ಪತ್ರೆಯಲ್ಲಿ ದಿನಕ್ಕೆ ಮೂರು ಗಂಟೆ ಕಸರತ್ತು ಮಾಡಿಸುತ್ತಾರೆ. ಪಕ್ಕದಲ್ಲೇ ನಿಂತಿದ್ದರೂ ಒಂದು ಗುಂಡಿ ಹಾಕಿಕೊಡುವುದಿಲ್ಲ. ಇದು ಚಿಕಿತ್ಸೆಯೋ, ಶಿಕ್ಷೆಯೋ?" (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.) ಕೈಯಲ್ಲಿ ತಟ್ಟೆ ಹಿಡಿದಿದ್ದೆವು, ಎರಡು ಸಮಾಧಾನದ ಮಾತು ಹೇಳಿ ಮುಂದೆ ಹೋದೆವು.

ಆ ಮೂರು ಗಂಟೆ ಮೆಡಿಕೇರ್ ಲೆಕ್ಕ. ಇಂಥ ಆಸ್ಪತ್ರೆಗೆ ಸೇರುವವರಿಗೆ ಸಾಮಾನ್ಯವಾಗಿ ದಿನಕ್ಕೆ 3 ಗಂಟೆಯಂತೆ ವಾರಕ್ಕೆ 5 ದಿನ ಥೆರಪಿ ತಡೆದುಕೊಳ್ಳುವ ಶಕ್ತಿ ಇರಬೇಕು. ಹೃದಯ ಸೋತು ಅಷ್ಟು ಆಗದವರಿಗೆ ನರ್ಸಿಂಗ್ ಕೇಂದ್ರದ ನಿಧಾನದ ಥೆರಪಿಯೇ ಸರಿ. ಆದರೆ ಆಗುವವರನ್ನು ಮಲಗಿಸಿಡುವುದೂ ದಯೆಯಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿರಿಸಿದಾಗ ಕಾಲುಗಳ ಮಾಂಸಖಂಡ ಸುಮಾರು 1 ಕಿಲೋ ಕರಗಿತ್ತು. ಕಾಯಿಲೆಯವರ ಪಾಡು ಊಹಿಸಿಕೊಳ್ಳಿ.

1963ರಲ್ಲಿ ಡಾ. ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಹಿರಿಯರ ಸ್ವಾವಲಂಬನೆಯನ್ನು ಆರು ವಿಷಯಗಳಲ್ಲಿ ಅಳೆದರು: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಇಂದಿಗೂ ವೈದ್ಯರು ಬಳಸುವ ಪಟ್ಟಿ ಇದು. ನಾವೂ ನೂರಾರು ರೋಗಿಗಳಿಗೆ ಇದನ್ನು ತುಂಬಿದ್ದೇವೆ.

ನಮ್ಮ ತಾಯಿಯ ವಿಷಯದಲ್ಲಿ ಮಾತ್ರ ಎಡವಿದೆವು. ಅವರಿಗೂ ಸ್ಟ್ರೋಕ್ ಆಗಿ ರಿಹ್ಯಾಬ್ ಸೇರಿದಾಗ ಥೆರಪಿಸ್ಟ್ ಮೊದಲು ಕೇಳಿದ್ದು, "ನಿಮಗೆ ಏನು ಮಾಡುವಂತಾಗಬೇಕು?" ಎಂದು. ತಾಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ಇಲ್ಲಿನ ಆಸ್ಪತ್ರೆಗಳು ಉಚಿತವಾಗಿ ದುಭಾಷಿಯನ್ನು ಒದಗಿಸಬೇಕೆಂಬ ಕಾನೂನಿದೆ; ನಾವಿದ್ದೇವಲ್ಲ, ಬೇಡವೆಂದೆವು. ಅಮ್ಮ ಹೇಳಿದ್ದು: "ಬಚ್ಚಲಿಗೆ ನಾನೊಬ್ಬಳೇ ಹೋಗಿ ಬಾಗಿಲು ಹಾಕ್ಕೋಬೇಕು ಕಣೋ." ನಾವು ಇಂಗ್ಲಿಷಿನಲ್ಲಿ ಹೇಳಿದ್ದು, ಬೀಳದೆ ಇದ್ದರೆ ಸಾಕಂತೆ ಎಂದು. ಅದು ನಮ್ಮ ಆಸೆ, ಅವರದಲ್ಲ.

ಮನೆಗೆ ಬಂದ ಮೇಲೆ ನಾವಿಬ್ಬರೂ ಸ್ನಾನ ಮಾಡಿಸಿದೆವು, ಅನ್ನ ಕಲಸಿ ತಿನ್ನಿಸಿದೆವು, ಕುರ್ಚಿಯಿಂದ ಎತ್ತಿ ಇಳಿಸಿದೆವು. ಬಂದವರೆಲ್ಲ ಹೊಗಳಿದರು, ಸುಳ್ಳೇಕೆ, ಖುಷಿಯಾಗುತ್ತಿತ್ತು. ಎರಡು ತಿಂಗಳಲ್ಲಿ, ಆಸ್ಪತ್ರೆಯಲ್ಲಿ ತಾವೇ ಏಳುತ್ತಿದ್ದವರು ನಮ್ಮ ಮನೆಯಲ್ಲಿ ಏಳಲಾರದಾದರು. ಒಂದು ದಿನ ತುತ್ತು ಹಿಡಿದ ಕೈ ತಳ್ಳಿ, "ಎಲ್ಲಾ ನೀವೇ ಮಾಡಿದ್ರೆ ನಾನೇನು ಮಾಡ್ಲಿ?" ಎಂದರು.

ಹೆತ್ತವರ ಸೇವೆ ಧರ್ಮವೆಂದು ಕೇಳಿ ಬೆಳೆದವರು ನಾವು. ಸೇವೆ ಎಲ್ಲಿಗೆ ನಿಂತರೆ ಸರಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬೀಳುವ ಭಯ ಸುಳ್ಳಲ್ಲ. ಸೊಂಟದ ಮೂಳೆ ಮುರಿದರೆ ಮತ್ತೆ ಏಳದವರನ್ನು ಕಂಡಿದ್ದೇವೆ. ಆದರೂ ಬೀಳುವ ದೇಹ ಅವರದು. ಆ ಅಪಾಯವನ್ನು ಅಳೆದು ಒಪ್ಪುವ ಬುದ್ಧಿ ಅವರಿಗಿರುವಾಗ, ಡಾಕ್ಟರ್ ಮಗನೆಂಬ ಹಕ್ಕಿನಿಂದ ಬೇಡವೆನ್ನಲು ನಾವು ಯಾರು?

ಥೆರಪಿಸ್ಟನ್ನು ಮನೆಗೆ ಕರೆಸಿದೆವು. ಬಚ್ಚಲ ಗೋಡೆಗೆ ಹಿಡಿಕೆ ಬಂತು, ಕಮೋಡಿನ ಆಸನ ಎತ್ತರವಾಯಿತು, ಚಿಲಕ ಮಾತ್ರ ಹಾಕಬಾರದೆಂದು ಅಮ್ಮನೊಡನೆ ಒಪ್ಪಂದವಾಯಿತು. ಆರು ವಾರ ಹಿಡಿಯಿತು. ಮೊದಲ ದಿನ ಅವರು ಬಾಗಿಲು ಮುಚ್ಚಿಕೊಂಡಾಗ ನಾವಿಬ್ಬರೂ ಹೊರಗೆ ಉಸಿರು ಬಿಗಿಹಿಡಿದು ನಿಂತಿದ್ದೆವು.

ಮೊನ್ನೆ ಆ ಸದಸ್ಯರಿಗೆ ಫೋನ್ ಮಾಡಿ, ಅಮ್ಮ ಏನು ಬೇಕೆಂದಿದ್ದಾರೆ ಎಂದು ಕೇಳಿದೆವು. ಸ್ವಲ್ಪ ತಡೆದು, "ಕೇಳಿಲ್ಲ" ಎಂದರು. ಸೋಮವಾರ ದುಭಾಷಿಯನ್ನು ಕರೆಸುತ್ತಾರಂತೆ.