ಇಂಜಿನ್ ಆಫ್ ಆದಮೇಲೂ

ಸೌತಾಂಪ್ಟನ್‌ಗೆ ಬಂದ ಮೊದಲ ಬೇಸಿಗೆ. ಆಫೀಸಿನ ಗೆಳೆಯನೊಬ್ಬ ತನ್ನ ಹಳೇ ಹಾಯಿದೋಣಿಯಲ್ಲಿ ಐಲ್ ಆಫ್ ವೈಟ್ ಕಡೆಗೆ ಕರೆದುಕೊಂಡು ಹೋದ. ಬಂದರು ದಾಟುವವರೆಗೆ ಡೀಸೆಲ್ ಇಂಜಿನ್. ಆಮೇಲೆ ಹಾಯಿ ಏರಿಸಿ ಇಂಜಿನ್ ಆಫ್ ಮಾಡಿದ. ಅಬ್ಬಾ, ಇನ್ನು ಬರೀ ಗಾಳಿ, ನೀರು ಅಂದುಕೊಂಡೆ. ಆದರೆ ಕಾಲಡಿಯಲ್ಲಿ ಗುರ್ ಅನ್ನೋ ಸದ್ದು ನಿಲ್ಲಲೇ ಇಲ್ಲ.

ಅದು ಪ್ರೊಪೆಲ್ಲರ್ ಅಂತೆ. ದೋಣಿ ಮುಂದಕ್ಕೆ ಹೋಗುವಾಗ ನೀರು ಅದರ ರೆಕ್ಕೆಗಳನ್ನು ತಿರುಗಿಸುತ್ತೆ, ಗಾಳಿಗೆ ಗಿರಗಿಟ್ಲೆ ತಿರುಗಿದ ಹಾಗೆ. ಜೊತೆಗೆ ಶಾಫ್ಟ್, ಗೇರ್‌ಬಾಕ್ಸಿನ ಒಳಭಾಗಗಳು ಎಲ್ಲವೂ ತಿರುಗುತ್ತವೆ. ಕೆಲಸ ಮಾತ್ರ ಏನೂ ಇಲ್ಲ, ಬರೀ ಸವೆತ. ಕೆಲವು ಗೇರ್‌ಬಾಕ್ಸ್‌ಗಳಲ್ಲಂತೂ ಎಣ್ಣೆ ಪಂಪ್ ಓಡೋದೇ ಇಂಜಿನ್ ಓಡುವಾಗ. ಬಿಡುವಿನಲ್ಲಿ ತಿರುಗಿದರೆ ಎಣ್ಣೆಯೂ ಸಿಗಲ್ಲ.

ಗೆಳೆಯ ಲಿವರನ್ನು ರಿವರ್ಸ್‌ಗೆ ಹಾಕಿದ. ಶಾಫ್ಟ್ ಗಕ್ಕನೆ ನಿಂತಿತು. ಎಲ್ಲ ದೋಣಿಗೂ ಈ ಉಪಾಯ ನಡೆಯಲ್ಲ, ಗೇರ್‌ಬಾಕ್ಸ್ ಹೈಡ್ರಾಲಿಕ್ ಆದರೆ ಶಾಫ್ಟಿಗೇ ಬ್ರೇಕ್ ಬೇಕು. ಇನ್ನೊಂದು ವಿಷಯ: ಮಡಚಿಕೊಳ್ಳದ ರೆಕ್ಕೆಗಳಾದರೆ, ನಿಂತ ಪ್ರೊಪೆಲ್ಲರ್ ತಿರುಗುವ ಪ್ರೊಪೆಲ್ಲರಿಗಿಂತ ದೋಣಿಯನ್ನು ಹೆಚ್ಚು ಹಿಡಿದೆಳೆಯುತ್ತೆ. ಅಂದರೆ ಆ ನೆಮ್ಮದಿಗೆ ಸ್ವಲ್ಪ ವೇಗ ಕೊಡಬೇಕು. ಆತ ಕೊಟ್ಟ.

ಆ ನಿಶ್ಶಬ್ದದಲ್ಲಿ ನನಗೆ ನೆನಪಾದದ್ದು ಮೈಸೂರಿನ ಅಡುಗೆಮನೆ. ಹಿಂದಿನ ವರ್ಷ ಎರಡು ವಾರ ರಜೆಗೆ ಹೋಗಿದ್ದೆ. ಅಪ್ಪನ ಕೊನೆಯ ದಿನಗಳ ಬಗ್ಗೆ ಅಮ್ಮ ಏನೋ ಹೇಳ್ತಿದ್ದಳು. ನಾನು ಹೂಂ, ಹೂಂ ಅಂತಿದ್ದೆ. ತಲೆಯೊಳಗೆ ಮುಂದಿನ ವಾರದ ರಿಲೀಸ್ ತಿರುಗ್ತಿತ್ತು. ಅಮ್ಮ ಅರ್ಧಕ್ಕೆ ನಿಲ್ಲಿಸಿ, "ಆಮೇಲೆ ಹೇಳ್ತೀನಿ ಬಿಡು" ಅಂದಳು. ಆ ಆಮೇಲೆ ಬರಲೇ ಇಲ್ಲ.

ಇಷ್ಟು ದಿನ ಆಫೀಸನ್ನು ಬೈತಿದ್ದೆ. ಆದರೆ ಅವತ್ತು ಯಾರ ಮೇಲೂ ಬಂದಿರಲಿಲ್ಲ, ಮೇಲೂ ಇಲ್ಲ, ಫೋನೂ ಇಲ್ಲ. ಇಂಜಿನ್ ಆಫ್ ಆಗಿತ್ತು. ನನ್ನನ್ನು ತಿರುಗಿಸ್ತಿದ್ದದ್ದು ನಾನೇ ಓಡಿಕೊಂಡು ಬಂದ ವೇಗ. ರಜೆ ನಮ್ಮ ಹಕ್ಕು ಅಂತ ವಾದ ಮಾಡ್ತೀವಿ, ಸರಿಯೇ. ಆದರೆ ಎದುರು ಕೂತವರಿಗೆ ಅದು ನಮ್ಮಿಂದ ಸಲ್ಲಬೇಕಾದ ಸಾಲವೂ ಅಲ್ವಾ? ನಾನು ಸವೆದರೆ ನಷ್ಟ ನನ್ನದು. ಅಮ್ಮನ ಮಾತು ಹೋಯ್ತಲ್ಲ, ಅದು ಯಾರ ಲೆಕ್ಕಕ್ಕೆ?

ಯಂತ್ರ ನಿಂತರೆ ಸಾಲದು, ಶಾಫ್ಟನ್ನು ನಾವೇ ಹಿಡಿದು ನಿಲ್ಲಿಸಬೇಕು. ಸ್ವಲ್ಪ ಹಿಂದೆ ಬೀಳ್ತೀವಿ. ಪಕ್ಕದ ಮೇಜಿನವರು ಮುಂದೆ ಹೋಗಬಹುದು. ಅದು ನಿಜವಾದ ಬೆಲೆ, ಇಲ್ಲ ಅಂತ ಸುಳ್ಳು ಹೇಳಲಾರೆ.

ಗೆಳೆಯ ಇಂಜಿನ್ನಿನ ಕೀಲಿಯನ್ನು ಲಿವರಿಗೇ ನೇತುಹಾಕಿದ್ದ. ಮತ್ತೆ ಸ್ಟಾರ್ಟ್ ಮಾಡುವಾಗ ಮರೆಯದೆ ಮೊದಲು ನ್ಯೂಟ್ರಲ್‌ಗೆ ತರಲಿ ಅಂತ. ನಿಲ್ಲಿಸಿದವನಿಗೆ ಮತ್ತೆ ಹೊರಡೋದೂ ಗೊತ್ತಿತ್ತು.

ಯಾರ್ಮತ್ ಬಂದರಿನಲ್ಲಿ ಇಳಿದವನೇ ಊರಿಗೆ ಫೋನ್ ಮಾಡಿದೆ. "ಅವತ್ತು ಅಪ್ಪನ ಬಗ್ಗೆ ಏನೋ ಹೇಳ್ತಿದ್ದೆಯಲ್ಲಮ್ಮ?"

"ಅಯ್ಯೋ, ಏನಿಲ್ಲ ಬಿಡು" ಅಂದಳು.

ನಾನು ಬಿಡಲಿಲ್ಲ.