ಮಾದರಿಯಲ್ಲಿ ಸೋಲಿಗೂ ಒಂದು ಸಾಲು

ಪ್ರೋಗ್ರಾಮಿಂಗ್ ಲೈಬ್ರರಿಯೊಂದನ್ನು ಬಳಸುವ ಬಗೆ ತೋರಿಸಲು ಬರೆದ ಮಾದರಿ ಕೋಡ್‌ನಲ್ಲಿ ಸಾಮಾನ್ಯವಾಗಿ ಎಲ್ಲವೂ ಸುಸೂತ್ರ. ಕೇಳಿದ ಮಾಹಿತಿ ಬರುತ್ತದೆ, ತೆರೆಯ ಮೇಲೆ ಮೂಡುತ್ತದೆ. ಬಾರದಿದ್ದರೆ? ಆಗ ಓಡಬೇಕಾದ ಫಂಕ್ಷನ್ನೇ ಎರರ್ ಕಾಲ್‌ಬ್ಯಾಕ್. ಮಾದರಿಗಳಲ್ಲಿ ಬಹಳ ಸಲ ಬಿಟ್ಟುಹೋಗುವುದೂ ಅದೇ. ಇದು ಬರೀ ತಾಂತ್ರಿಕ ಲೋಪವೋ, ಕಲಿಸುವವರ ನೀತಿಗೆ ಸೇರಿದ್ದೋ ಎಂಬುದು ನನ್ನ ಪ್ರಶ್ನೆ.

ಬ್ರೌಸರ್‌ನ ಜಿಯೋಲೊಕೇಶನ್ ಸೌಲಭ್ಯವನ್ನೇ ನೋಡಿ. ನಾವಿರುವ ಜಾಗವನ್ನು ಕೇಳುವ ಫಂಕ್ಷನ್‌ಗೆ ಯಶಸ್ಸಿನ ಕಾಲ್‌ಬ್ಯಾಕ್ ಕಡ್ಡಾಯ, ಎರರ್ ಕಾಲ್‌ಬ್ಯಾಕ್ ಐಚ್ಛಿಕ. ಎಷ್ಟು ಹೊತ್ತು ಕಾಯಬೇಕೆಂದು ನಾವು ಹೇಳದಿದ್ದರೆ ಅದಕ್ಕೆ ಮಿತಿಯೇ ಇಲ್ಲ. ಸೋಲಿಗೆ ಮೂರು ಸಂಖ್ಯೆಗಳಿವೆ: 1 ಎಂದರೆ ಅನುಮತಿ ಸಿಗಲಿಲ್ಲ, 2 ಎಂದರೆ ಜಾಗ ತಿಳಿಯಲಿಲ್ಲ, 3 ಎಂದರೆ ಸಮಯ ಮೀರಿತು. ಮೊದಲನೆಯದರಲ್ಲಿ ಬಳಕೆದಾರರ ಇಚ್ಛೆಯನ್ನು ಗೌರವಿಸಬೇಕು, ಎರಡನೆಯದರಲ್ಲಿ ಊರಿನ ಹೆಸರು ಬರೆಯಲು ಬಿಡಬೇಕು, ಮೂರನೆಯದರಲ್ಲಿ ಇನ್ನೊಮ್ಮೆ ಯತ್ನಿಸಬಹುದು. ಅರೆಬರೆ ಮಾದರಿಯನ್ನು ನಕಲು ಮಾಡಿ ಕಟ್ಟಿದ ಆ್ಯಪ್ ಹಿಡಿದು ಮಾಗಡಿ ಸೀಮೆಯ ರೈತರೊಬ್ಬರು ಸಾವನದುರ್ಗದ ಬುಡದಲ್ಲಿ ನಿಂತಿದ್ದಾರೆನ್ನಿ. ಅವರಿಗೆ ಕಾಣುವುದು ಸುತ್ತುತ್ತಲೇ ಇರುವ ಚಕ್ರ. ತಮಗೇ ಫೋನ್ ಬಳಸಲು ಬರುವುದಿಲ್ಲವೆಂದು ಅವರು ಅಂದುಕೊಂಡರೆ, ಆ ಅವಮಾನದ ಮೂಲ ಎಲ್ಲಿದೆ?

ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆಯ ರೇಷ್ಮೆ ಕೃಷಿ ನನಗೆ ಇಲ್ಲಿ ನೆನಪಾಗುತ್ತದೆ. ಹಿಪ್ಪುನೇರಳೆ ಸೊಪ್ಪು, ಜ್ವರ, ಚಂದ್ರಿಕೆ, ಗೂಡು ಎಂದು ಹೇಳಿಬಿಟ್ಟರೆ ಹುಳು ಸಾಕುವ ಪಾಠ ಮುಗಿಯದು. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗಗಳ ಗುರುತೂ ತಿಳಿದಿರಬೇಕು. ಗಂಟುರೋಗವಂತೂ ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. 1865ರಿಂದ ಫ್ರಾನ್ಸಿನಲ್ಲಿ ಇದನ್ನು ಅಭ್ಯಸಿಸಿದ ಲೂಯಿ ಪಾಶ್ಚರ್, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡುವ ಕ್ರಮ ತಂದರು. ರೋಗರಹಿತ ಮೊಟ್ಟೆಯ ತಯಾರಿಕೆಗೆ ಇಂದಿಗೂ ಅದೇ ತಳಹದಿ.

ಮಾದರಿ ಚಿಕ್ಕದಾಗಿರಬೇಕು, ಸೋಲುಗಳನ್ನೆಲ್ಲ ತುಂಬಿದರೆ ಮುಖ್ಯ ವಿಷಯವೇ ಮುಳುಗುತ್ತದೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಮಾದರಿಯೂ ತಾಯಿಚಿಟ್ಟೆಯಂತೆಯೇ. ಅದರಲ್ಲಿ ಇಲ್ಲದ್ದು ಅದರ ನಕಲುಗಳಲ್ಲೂ ಇರುವುದಿಲ್ಲ. ಎಲ್ಲ ಸೋಲುಗಳನ್ನೂ ನಿಭಾಯಿಸಿ ತೋರಿಸಬೇಕಿಲ್ಲ, ಸೋಲಿಗೊಂದು ಜಾಗವಿದೆಯೆಂದು ತೋರಿಸಿದರೆ ಸಾಕು. ಖಾಲಿ ಎರರ್ ಕಾಲ್‌ಬ್ಯಾಕ್ ಮಾತ್ರ ಬೇಡ. ಅದು ಕಾಳಜಿಯ ವೇಷ ತೊಟ್ಟು ಸೋಲನ್ನು ಮುಚ್ಚಿಡುತ್ತದೆ.

ಕಲಿಯುವವರು ಮಾದರಿಯನ್ನು ನಂಬಿ ನಡೆಯುತ್ತಾರೆ. ಆ ನಂಬಿಕೆಯನ್ನು ಪಡೆದವರ ಮೇಲೆ ದಾರಿ ಎಲ್ಲಿ ಕಡಿಯುತ್ತದೆಂದು ಹೇಳುವ ಋಣವಿದೆ ಎಂದೇ ನನ್ನ ಎಣಿಕೆ. "ಜಾಗ ಸಿಗಲಿಲ್ಲ, ಊರಿನ ಹೆಸರು ಬರೆಯಿರಿ" ಎಂಬ ಒಂದು ಸಾಲಿನಿಂದ ಆ ಋಣದ ಬಹುಪಾಲು ತೀರುತ್ತದೆ.