48 ನಿಮಿಷದ ಮೀಮಾಂಸೆ

ಬಜರ್‌ಬೀಟರ್ ಎಂಬುದು 2007ರಿಂದ ನಡೆದುಬಂದಿರುವ ಆನ್‌ಲೈನ್ ಬ್ಯಾಸ್ಕೆಟ್‌ಬಾಲ್ ಆಟ. ಆಡುವವನು ಚೆಂಡು ಮುಟ್ಟುವುದಿಲ್ಲ. ತಂಡ ನಡೆಸುತ್ತಾನೆ, ಅಷ್ಟೆ. ಖಾತೆ ತೆರೆದ ಹೊಸಬನ ಕೈಗೆ ಸಾಧಾರಣ ಆಟಗಾರರ ಒಂದು ತಂಡ, ಒಂದಿಷ್ಟು ಹಣ, ಒಂದು ಚಿಕ್ಕ ಕ್ರೀಡಾಂಗಣ, ಕೆಳಗಿನ ಲೀಗಿನಲ್ಲೊಂದು ಜಾಗ ಬರುತ್ತವೆ. ಲೀಗಿನಲ್ಲಿ 16 ತಂಡ, ಎಂಟೆಂಟರ ಎರಡು ಗುಂಪು. ತನ್ನ ಗುಂಪಿನ ಏಳು ತಂಡಗಳೊಡನೆ ಎರಡೆರಡು ಸಲ, ಆಚೆಯ ಗುಂಪಿನ ಎಂಟರೊಡನೆ ಒಂದೊಂದು ಸಲ, ಒಟ್ಟು 22 ಪಂದ್ಯ. ಮಂಗಳವಾರ ಒಂದು, ಶನಿವಾರ ಒಂದು. ಪ್ಲೇಆಫ್ ಎಲ್ಲ ಸೇರಿ ಸೀಸನ್ನಿಗೆ 14 ವಾರ. ಆಟ ನಮ್ಮ ನಿಮ್ಮ ಕ್ಯಾಲೆಂಡರಿನ ಮೇಲೇ ಸಾಗುತ್ತದೆ. ಮುಂದಕ್ಕೆ ಓಡಿಸುವ ಗುಂಡಿ ಇಲ್ಲ.

ಇಂಥ ಆಟಕ್ಕೆ ಬಂದವನು ಮೊದಲು ಮಾಡಬೇಕಾದ್ದೇನು ಎಂಬುದೇ ವಿಷಯ. ಸಂಶಯಕ್ಕೆ ಕೊರತೆಯಿಲ್ಲ. ಹರಾಜಿಗೆ ಹೋಗಿ ಒಳ್ಳೆಯ ಆಟಗಾರನನ್ನು ಕೊಳ್ಳಬೇಕೆ? ವಲಯ ರಕ್ಷಣೆ, ಫುಲ್ ಕೋರ್ಟ್ ಪ್ರೆಸ್ ಮುಂತಾದ ತಂತ್ರಗಳನ್ನು ಅರಗಿಸಿಕೊಳ್ಳಬೇಕೆ? ಕ್ರೀಡಾಂಗಣದಲ್ಲಿ ಸೀಟು ಹೆಚ್ಚಿಸಬೇಕೆ? ಹುಡುಗರಿಗೆ ತರಬೇತಿ ಕೊಡಬೇಕೆ? ಎಲ್ಲವನ್ನೂ ಒಂದಿಷ್ಟು ಒಂದಿಷ್ಟು ಮಾಡುವುದು ಎಲ್ಲರಿಗೂ ತೋಚುವ ಉತ್ತರ. ನನ್ನ ಪ್ರಕಾರ ತಪ್ಪು ಉತ್ತರವೂ ಅದೇ.

ಪೂರ್ವಮೀಮಾಂಸಕರು ಯಜ್ಞವನ್ನು ವಿವರಿಸುವಾಗ ಅಂಗಿ (ಪ್ರಧಾನವಾದದ್ದು) ಯಾವುದು, ಅಂಗ (ಅದಕ್ಕೆ ಪೂರಕವಾದದ್ದು) ಯಾವುದು ಎಂದು ಮೊದಲು ನಿಶ್ಚಯಿಸಿಕೊಳ್ಳುತ್ತಿದ್ದರು. ಪ್ರಧಾನವಾದದ್ದು ತಿಳಿದಮೇಲೆ ಉಳಿದವು ಎಷ್ಟು, ಯಾವಾಗ, ಯಾವುದಕ್ಕಾಗಿ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಈ ಆಟಕ್ಕೂ ಅದೇ ಕ್ರಮ ಒಪ್ಪುತ್ತದೆ. ಹೊಸಬನಿಗೆ ತರಬೇತಿಯೇ ಅಂಗಿ. ಪಂದ್ಯ, ಹರಾಜು, ಸೀಟು, ತಂತ್ರ ಎಲ್ಲ ಅದರ ಅಂಗಗಳು. ಹಳೆಯ ತಂಡಗಳ ಬಳಿ ಹಣವಿದೆ, ದೊಡ್ಡ ಅಂಗಣವಿದೆ, ಅನುಭವವಿದೆ. ಅವರ ಸಮಕ್ಕೆ ಹೊಸಬನ ಬಳಿ ಇರುವುದು ವಾರ ಒಂದೇ. ಅವರಿಗೂ ವಾರಕ್ಕೊಂದೇ ಶುಕ್ರವಾರ, ಇವನಿಗೂ ಒಂದೇ. ತರಬೇತಿಯ ಫಲ ಕೈಸೇರುವುದು ಆ ಶುಕ್ರವಾರ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಹೊಸಬರಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಒಬ್ಬ ಆಟಗಾರನಿಗೆ ಆ ವಾರದ ತರಬೇತಿ ಪೂರ್ತಿ ದಕ್ಕಬೇಕಾದರೆ ಅವನು ತರಬೇತಿ ನಡೆಯುತ್ತಿರುವ ಸ್ಥಾನದಲ್ಲಿ 48 ನಿಮಿಷ ಆಡಿರಬೇಕು. ಒಂದು ಪಂದ್ಯದ ಅವಧಿಯೂ 48 ನಿಮಿಷವೇ. ಎರಡು ಲೀಗ್ ಪಂದ್ಯ, ನಡುವೆ ಒಂದು ಸ್ನೇಹಪಂದ್ಯ ಎಂದು ಹಿಡಿದರೆ ಒಂದು ಸ್ಥಾನಕ್ಕೆ ವಾರಕ್ಕೆ ಸಿಗುವುದು 144 ನಿಮಿಷ, ಅಂದರೆ ಮೂವರು ಹುಡುಗರಿಗೆ ತಲಾ 48. ಎರಡು ಸ್ಥಾನಗಳಿಗೆ ಒಟ್ಟಾಗಿ ತರಬೇತಿ ಕೊಟ್ಟರೆ ಆರು ಮಂದಿಗೆ ಸಾಕಾಗುತ್ತದೆ, ಆದರೆ ಪ್ರತಿಯೊಬ್ಬನ ವೇಗ ತಗ್ಗುತ್ತದೆ. ಇಡೀ ತಂಡಕ್ಕೆ ಹಂಚಿದರೆ ಎಲ್ಲರಿಗೂ ಸಿಗುತ್ತದೆ, ಯಾರಿಗೂ ಕಾಣುವಷ್ಟು ಸಿಗುವುದಿಲ್ಲ. ಹೊಸಬ ಆರಿಸಬೇಕಾದ್ದು ಮೂವರನ್ನು, ಹೆಚ್ಚೆಂದರೆ ಆರು ಮಂದಿಯನ್ನು. ವಯಸ್ಸು 18 ಅಥವಾ 19 ಇರಲಿ. ವಯಸ್ಸು ಏರಿದಂತೆ ಕಲಿಕೆ ನಿಧಾನವಾಗುತ್ತದೆ. ಗುಣಮಿತಿ, ಅಂದರೆ ಪೊಟೆನ್ಶಿಯಲ್, ಚೆನ್ನಾಗಿರಲಿ. ಅದು ಕಡಿಮೆಯಿದ್ದ ಹುಡುಗನಿಗೆ ಸುರಿದ ವಾರಗಳು ಒಂದು ಹಂತ ದಾಟಿದಮೇಲೆ ಅಷ್ಟಾಗಿ ಫಲಿಸುವುದಿಲ್ಲ. ಎತ್ತರವನ್ನೂ ನೋಡಿ. ಎತ್ತರದವರು ರಿಬೌಂಡ್, ಒಳಗಿನ ಶಾಟ್, ಒಳಗಿನ ರಕ್ಷಣೆಗಳನ್ನು ಬೇಗ ಕಲಿಯುತ್ತಾರೆ. ಗಿಡ್ಡನೆಯವರಿಗೆ ಹೊರಗಿನ ಕೌಶಲಗಳು ಬೇಗ ಒಲಿಯುತ್ತವೆ.

ಅಂಗಿ–ಅಂಗದ ಮಾತು ನಿಜವಾಗಿ ಕಚ್ಚುವುದು ಮುಂದಿನ ಹೆಜ್ಜೆಯಲ್ಲಿ. 6 ಅಡಿ 10 ಇಂಚಿನ ಸೆಂಟರ್ ಒಬ್ಬನಿಗೆ ಪಾಸ್ ಕಲಿಸಬೇಕೆಂದಿದ್ದೀರಿ. ಪಾಸ್ ತರಬೇತಿ ಗಾರ್ಡ್‌ಗಳಿಗೆ ಸೇರಿದ್ದು. ಹಾಗಾಗಿ ಅವನು ಪಾಯಿಂಟ್ ಗಾರ್ಡ್ ಆಗಿ ಕಣಕ್ಕಿಳಿಯಬೇಕು. ಚೆಂಡು ಹಿಡಿದು ಅಂಗಣದುದ್ದ ಬರಬೇಕಾದ ಜಾಗದಲ್ಲಿ ಚೆಂಡು ಕೈಯಲ್ಲಿ ನಿಲ್ಲದ ದೈತ್ಯ ನಿಲ್ಲುತ್ತಾನೆ. ಎದುರಾಳಿ ಕಸಿಯುತ್ತಾನೆ, ಓಡುತ್ತಾನೆ, ಹಾಕುತ್ತಾನೆ. ನೀವು ಸೋಲುತ್ತೀರಿ, ಶುಕ್ರವಾರ ಹುಡುಗನ ಪಾಸ್ ಒಂದಿಷ್ಟು ಏರಿರುತ್ತದೆ. ಪಂದ್ಯ ತರಬೇತಿಗಾಗಿಯೋ ತರಬೇತಿ ಪಂದ್ಯಕ್ಕಾಗಿಯೋ ಎಂಬುದನ್ನು ಆ ಪಂದ್ಯಕ್ಕೆ ತಂಡ ಭರ್ತಿಮಾಡುವಾಗಲೇ ತೀರ್ಮಾನಿಸಬೇಕಾಗುತ್ತದೆ. ಎದುರಾಳಿ ದುರ್ಬಲನಾಗಿರುವ ಪಂದ್ಯಕ್ಕೋ ಸ್ನೇಹಪಂದ್ಯಕ್ಕೋ ಇಂಥ ಪ್ರಯೋಗವನ್ನು ತಳ್ಳುವ ಜಾಣತನ ಬೇಕು, ನಿಜ. ಆದರೂ ಎಲ್ಲ ವಾರವೂ ಹಾಗೆ ತಳ್ಳಲಾಗುವುದಿಲ್ಲ. ನಡುವೆ ಫೌಲ್‌ಗಳು ಏರಿ ಹುಡುಗ ಹೊರಬಿದ್ದರೆ ಲೆಕ್ಕ 48ಕ್ಕೆ ಮುಟ್ಟದೆ ನಿಲ್ಲುತ್ತದೆ. ಬೇಕೆಂದು ಒಬ್ಬನನ್ನೇ ಮೂರೂ ಪಂದ್ಯ ಪೂರ್ತಿ ಆಡಿಸಿದರೆ ಅವನ ಗೇಮ್ ಶೇಪ್, ಅಂದರೆ ಆಡುವ ದೇಹಸ್ಥಿತಿ, ಬೀಳುತ್ತದೆ. ವಾರದ ನಡುವೆ ಒಮ್ಮೆ ನಿಮಿಷಗಳ ಪಟ್ಟಿ ತೆರೆದು ನೋಡುವ ಅಭ್ಯಾಸ ನೂರು ತಂತ್ರಗಳಿಗಿಂತ ಮೇಲು.

ಈಗ ಪೂರ್ವಪಕ್ಷ. ಮೊದಲ ಆಕ್ಷೇಪ ಕೊಳ್ಳುವವರದು: ಬೆಳೆಸುವುದೇಕೆ, ಬೆಳೆದವನನ್ನೇ ಹರಾಜಿನಲ್ಲಿ ಹಿಡಿದರಾಯಿತಲ್ಲ, ಮೂವತ್ತು ದಾಟಿದ ಅನುಭವಿ ಅಗ್ಗವಾಗಿಯೂ ಸಿಗುತ್ತಾನೆ.

ಅಗ್ಗ ಎನ್ನುವುದು ಕೊಳ್ಳುವ ದಿನದ ಮಾತು. ಸಂಬಳ ಪ್ರತಿವಾರ ಹೋಗುತ್ತದೆ, ಮುದಿಯಾದಂತೆ ಕೌಶಲ ಇಳಿಯುತ್ತದೆ, ಮತ್ತೆ ಮಾರಹೊರಟರೆ ಕೇಳುವವರಿಲ್ಲ. ನಿಜವಾದ ಎನ್‌ಬಿಎಯಲ್ಲೇ ಇದಕ್ಕೆ ದೊಡ್ಡ ನಿದರ್ಶನವಿದೆ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಇಬ್ಬರನ್ನೂ ಬಾಸ್ಟನ್ನಿನಿಂದ ತಂದಿತು. ಬದಲಿಗೆ ಕೊಟ್ಟದ್ದರಲ್ಲಿ 2014, 2016, 2018ರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳು (ಹೊಸ ಆಟಗಾರರನ್ನು ಆರಿಸುವ ಸರದಿ), 2017ರಲ್ಲಿ ಸ್ಥಾನ ಅದಲುಬದಲು ಮಾಡಿಕೊಳ್ಳುವ ಹಕ್ಕು ಎಲ್ಲ ಇದ್ದವು. ಆ ವರ್ಷ ನೆಟ್ಸ್ ಎರಡನೆಯ ಸುತ್ತಿನಲ್ಲಿ ಮುಗಿಯಿತು. ಪಿಯರ್ಸ್ ಒಂದೇ ಸೀಸನ್ ಇದ್ದು ಹೋದ. ಬಾಸ್ಟನ್ ಆ ಹಕ್ಕುಗಳ ಬಲದಿಂದ 2016ರಲ್ಲಿ ಜೇಲೆನ್ ಬ್ರೌನ್‌ನನ್ನೂ 2017ರಲ್ಲಿ ಜೇಸನ್ ಟೇಟಮ್‌ನನ್ನೂ ಪಡೆಯಿತು. 2024ರಲ್ಲಿ ಅವರಿಬ್ಬರೇ ಮುಂದೆ ನಿಂತು ಪ್ರಶಸ್ತಿ ಗೆದ್ದುಕೊಟ್ಟರು. ನೆಟ್ಸ್ ಮಾರಿದ್ದು ಆಟಗಾರರನ್ನಲ್ಲ, ಮುಂದಿನ ವರ್ಷಗಳನ್ನು. ಹೊಸಬನ ಕೈಯಲ್ಲಿ ಇರುವ ಏಕೈಕ ಸೊತ್ತೂ ಅದೇ.

ಹಾಗೆಂದು ಒಬ್ಬನನ್ನೂ ಕೊಳ್ಳಬಾರದೆಂದಲ್ಲ. ಕಲಿಯುವವರು ಕಲಿಯುತ್ತಿರುವಾಗ ಉಳಿದ ಸ್ಥಾನಗಳನ್ನು ಹಿಡಿಯಲು ಕಡಿಮೆ ಸಂಬಳದ ಅನುಭವಿಗಳು ಬೇಕು. ಅದು ಅಂಗ, ಅಂಗವಾಗಿಯೇ ಇರಲಿ.

ಎರಡನೆಯ ಆಕ್ಷೇಪ ಇದಕ್ಕಿಂತ ಹರಿತ. ತರಬೇತಿಯೇ ಪ್ರಧಾನವಾದರೆ ಬೇಕೆಂದೇ ಸೋಲುತ್ತ ಕೂರುವುದು ಮೇಲಲ್ಲವೇ? ಕೆಳಗೆ ಬಿದ್ದರೆ ಒಳ್ಳೆಯ ಡ್ರಾಫ್ಟ್ ಸ್ಥಾನವೂ ಸಿಗುತ್ತದೆ.

ಎನ್‌ಬಿಎಯ ಫಿಲಡೆಲ್ಫಿಯಾ 76ರ್ಸ್ ತಂಡ ಇದನ್ನು ಮಾಡಿ ನೋಡಿತು. ಸ್ಯಾಮ್ ಹಿಂಕಿ 2013ರಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದು ತಂಡವನ್ನು ಬಿಚ್ಚಿಹಾಕಿದ. 2015–16ರಲ್ಲಿ ಅದು 82ರಲ್ಲಿ 10 ಗೆದ್ದು 72 ಸೋತಿತು. ಆ ಸೀಸನ್ ಮುಗಿಯುವ ಹೊತ್ತಿಗೆ ಹಿಂಕಿ ರಾಜೀನಾಮೆ ಕೊಟ್ಟಿದ್ದ. ಜೋಯೆಲ್ ಎಂಬೀಡ್‌ನಂಥವನು ಸಿಕ್ಕಿದ, ಅದು ಸಣ್ಣದಲ್ಲ. ಆದರೂ 2025ರ ತನಕ ಆ ತಂಡ ಕಾನ್ಫರೆನ್ಸ್ ಫೈನಲ್ ಮುಟ್ಟಲಿಲ್ಲ. ಆಟದೊಳಗೆ ಸೋಲಿನ ಬೆಲೆ ಇನ್ನೂ ನೇರ: ಅಭಿಮಾನಿಗಳು ಮುನಿಯುತ್ತಾರೆ, ಸೀಟುಗಳು ಖಾಲಿ ಉಳಿಯುತ್ತವೆ, ಸಂಬಳಕ್ಕೆ ಹಣ ಸಾಲದು. ಸೋಲನ್ನು ಸಹಿಸುವುದು ಬೇರೆ, ಅರಸುವುದು ಬೇರೆ. ಪಾಸ್ ಕಲಿಯುವ ಸೆಂಟರಿನಿಂದ ಒಂದು ಪಂದ್ಯ ಕೈಬಿಟ್ಟರೆ ಅದು ಖರ್ಚು; ಏನನ್ನೂ ಕಲಿಸದೆ ಬಿಟ್ಟುಕೊಟ್ಟ ಪಂದ್ಯ ಬರೀ ನಷ್ಟ. ಎದುರಿಗಿರುವವರು ಮನುಷ್ಯರು ಎಂಬ ಮಾತೂ ಇದೆ. ನೀವು ಕೈಚೆಲ್ಲಿದ ಪಂದ್ಯದಿಂದ ಮೂರನೆಯವನೊಬ್ಬನ ಪ್ಲೇಆಫ್ ತಪ್ಪಬಹುದು.

ಇನ್ನು ತಂತ್ರವಾದಿಗಳು. ಲೋ ಪೋಸ್ಟ್, ಮೋಷನ್, ಪ್ರಿನ್ಸ್‌ಟನ್, ರನ್ ಅಂಡ್ ಗನ್ ಎಂದು ಇಷ್ಟೊಂದು ಬಗೆ ಇಟ್ಟಿರುವುದು ಸುಮ್ಮನೆಯೇ? ಎದುರಾಳಿಯ ದಾಳಿ ಊಹಿಸಿ ತಕ್ಕ ರಕ್ಷಣೆ ಹೂಡಿದರೆ ದುರ್ಬಲ ತಂಡವೂ ಗೆಲ್ಲುತ್ತದೆ ಎನ್ನುತ್ತಾರೆ. ಗೆಲ್ಲುತ್ತದೆ, ಕೆಲವು ಸಲ. ಆದರೆ ತಂತ್ರ ಇರುವುದನ್ನು ಹೆಚ್ಚಿಸುತ್ತದೆ, ಇಲ್ಲದ್ದನ್ನು ತರುವುದಿಲ್ಲ. ಹೊರಗಿನಿಂದ ಶಾಟ್ ಹೊಡೆಯಬಲ್ಲವರೇ ಇಲ್ಲದ ತಂಡಕ್ಕೆ ಮೋಷನ್ ಹಾಕಿ ಏನು ಬಂತು? ಮೊದಲ ಸೀಸನ್ ಪೂರ್ತಿ ಬೇಸ್ ಅಫೆನ್ಸ್, ಮ್ಯಾನ್ ಟು ಮ್ಯಾನ್ ಇಟ್ಟುಕೊಂಡು, ಪಂದ್ಯ ಮುಗಿದಮೇಲೆ ಅಂಕಿಪಟ್ಟಿ ಓದುವುದನ್ನು ಕಲಿಯುವುದು ಲೇಸು. ಬ್ಯಾಸ್ಕೆಟ್‌ಬಾಲ್ ಅಂಕಿಅಂಶಗಳ ತಜ್ಞ ಡೀನ್ ಆಲಿವರ್ 2004ರ ತನ್ನ ಪುಸ್ತಕದಲ್ಲಿ ಗೆಲುವನ್ನು ನಾಲ್ಕು ಅಂಶಗಳಿಗೆ ಇಳಿಸಿದ: ಶಾಟ್ ಎಷ್ಟು ಫಲಿಸಿತು, ಚೆಂಡು ಎಷ್ಟು ಸಲ ಕೈಜಾರಿತು, ರಿಬೌಂಡ್ ಎಷ್ಟು ದಕ್ಕಿತು, ಫ್ರೀ ಥ್ರೋ ಎಷ್ಟು ಸಿಕ್ಕಿತು. ಕಂಪ್ಯೂಟರು ಕೊಡುವ ಪಟ್ಟಿಯಲ್ಲಿ ಈ ನಾಲ್ಕನ್ನು ಹುಡುಕಿದರೆ ಸೋತದ್ದೆಲ್ಲಿ ಎಂದು ತಿಳಿಯುತ್ತದೆ, ಮುಂದೆ ಯಾವ ತರಬೇತಿ ಎಂಬುದೂ ಹೊಳೆಯುತ್ತದೆ.

ಕ್ರೀಡಾಂಗಣದ ವಿಷಯಕ್ಕೆ ಬಹಳ ಮಾತು ಬೇಡ. ಸೀಟಿಗೆ ವಯಸ್ಸಾಗುವುದಿಲ್ಲ, ಮೊಣಕಾಲು ನೋಯುವುದಿಲ್ಲ. ಕೈಯಲ್ಲಿ ಹಣ ಮಿಕ್ಕಾಗ, ಇರುವ ಸೀಟು ತುಂಬುತ್ತಿರುವಾಗ, ಮೊದಲು ಅಗ್ಗದ ಸೀಟು ಕಟ್ಟಿಸಿ. ಲಕ್ಷುರಿ ಬಾಕ್ಸ್ ಆಮೇಲಿನ ಮಾತು.

ಹಳಬರೇ ಎತ್ತುವ ಆಕ್ಷೇಪವೊಂದಿದೆ, ಅದರಲ್ಲಿ ಹುರುಳಿದೆ. ತರಬೇತಿ ತರಬೇತಿ ಎಂದು ಹೊಸಬ ಹುಡುಗರನ್ನು ಬೆಳೆಸುತ್ತಾನೆ, ಕೊನೆಗೆ ಅವರ ಸಂಬಳವೇ ಅವನನ್ನು ಮುಳುಗಿಸುತ್ತದೆ ಎನ್ನುತ್ತಾರೆ. ನಿಜ. ಈ ಆಟದಲ್ಲಿ ಸಂಬಳವನ್ನು ಯಾರೂ ಚೌಕಾಸಿ ಮಾಡುವುದಿಲ್ಲ; ಕೌಶಲದ ಮೇಲೆ ಲೆಕ್ಕ ಕಟ್ಟಿ, ಸೀಸನ್ ಆರಂಭದಲ್ಲಿ ಹೊಸ ಸಂಬಳ ಬರುತ್ತದೆ. 14 ವಾರ ಹಳೆಯ ಸಂಬಳಕ್ಕೆ ಹೊಸ ಕೌಶಲ ಸಿಗುತ್ತಿರುತ್ತದೆ, ಹಾಯೆನಿಸುತ್ತದೆ. ಆಮೇಲೆ ಒಂದು ದಿನ ಖರ್ಚಿನ ಪುಟ ತೆರೆದರೆ ಎದೆ ಧಸಕ್ಕೆನ್ನುತ್ತದೆ. ಅದರಲ್ಲೂ ಒಳಗಿನ ಶಾಟ್, ಒಳಗಿನ ರಕ್ಷಣೆ, ರಿಬೌಂಡ್ ಇಷ್ಟನ್ನೇ ಏರಿಸಿದ ಸೆಂಟರ್ ಚಿಕ್ಕ ಲೀಗಿನ ತಂಡಕ್ಕೆ ಬಿಳಿಯಾನೆ. ಇದಕ್ಕೆ ಪರಿಹಾರ ತರಬೇತಿ ಬಿಡುವುದಲ್ಲ, ತರಬೇತಿಯ ಅನುಕ್ರಮವನ್ನು ಯೋಚಿಸುವುದು. ಸಂಬಳ ಲೆಕ್ಕವಾಗುವುದು ಅವನಿಗೆ ಅತಿ ಒಪ್ಪುವ ಸ್ಥಾನದ ಮೇಲೆ. ಆದ್ದರಿಂದ ಸೆಂಟರಿಗೆ ಪಾಸ್, ಚೆಂಡಿನ ಹಿಡಿತ, ಹೊರಗಿನ ರಕ್ಷಣೆ ಕಲಿಸಿದರೆ ತಂಡಕ್ಕೆ ಬಲ ಬರುತ್ತದೆ, ಸಂಬಳ ಅಷ್ಟಾಗಿ ಏರುವುದಿಲ್ಲ. ಮೇಲೆ ಹೇಳಿದ, ಚೆಂಡು ಕೈಯಲ್ಲಿ ನಿಲ್ಲದ ಪಾಯಿಂಟ್ ಗಾರ್ಡ್ ಅಷ್ಟು ಸೋಲು ತಂದದ್ದು ಈ ಕಾರಣಕ್ಕಾಗಿಯೇ. ಸೀಸನ್ ಮುಗಿಯುವ ಮೊದಲು ಮೂವರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮಾರಬೇಕು ಎಂದು ನಿಶ್ಚಯಿಸಿ. ಮಾರಿದ ಹಣ ಮುಂದಿನ ಮೂವರಿಗೆ, ಮಿಕ್ಕಿದ್ದು ಸೀಟಿಗೆ. ನಂಟು ಕಡಿದು ಮಾರುವುದು ಕಷ್ಟವೇನಲ್ಲ ಎಂದು ಹೇಳುವವರು ಒಬ್ಬ ಹುಡುಗನನ್ನೂ ಬೆಳೆಸಿದವರಲ್ಲ.

ಕಡೆಯ ಆಕ್ಷೇಪ ಆಟದ ಒಳಗಿನದಲ್ಲ. ಇಷ್ಟೊಂದು ಕಾಯುವುದೇಕೆ? ಒಂದು ಸೀಸನ್ ಕಳೆದರೆ ಆಟಗಾರನಿಗೆ ಒಂದು ವರ್ಷ ಕಳೆದಂತೆ. 18ರ ಹುಡುಗ 25 ಆಗಬೇಕಾದರೆ ಏಳು ಸೀಸನ್, 98 ವಾರ. ನಮ್ಮ ಲೆಕ್ಕದಲ್ಲಿ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ. ಮನರಂಜನೆಗೆಂದು ಬಂದವನಿಗೆ ಇದೆಂಥ ವ್ರತ ಎಂದು ಕೇಳಿದರೆ ಕೇಳಿದವರ ತಪ್ಪಲ್ಲ. ಆದರೆ ಬೇಡುವುದು ಎರಡು ವರ್ಷದ ದುಡಿಮೆಯನ್ನಲ್ಲ. ವಾರಕ್ಕೆ ಮೂರು ಸಲ ತಂಡ ತುಂಬುವುದು, ಒಮ್ಮೆ ನಿಮಿಷ ನೋಡುವುದು, ಒಮ್ಮೆ ಹಣ ನೋಡುವುದು. ಎಲ್ಲ ಸೇರಿ ಒಂದು ಗಂಟೆ ಹಿಡಿಯದು. ಉಳಿದದ್ದು ಕಾಯುವುದು. ಅದನ್ನು ಬೇರೆ ಕೆಲಸ ಮಾಡುತ್ತಲೇ ಕಾಯಬಹುದು.

ಮೀಮಾಂಸೆಯಲ್ಲಿ ಅಧಿಕಾರಿ, ಅಂದರೆ ಕರ್ಮಕ್ಕೆ ಅರ್ಹ, ಯಾರು ಎಂದು ಹೇಳದೆ ವಿಚಾರ ಮುಗಿಯುವುದಿಲ್ಲ. ಎರಡು ಸೀಸನ್ ಸೋಲು ಗೆಲುವುಗಳ ನಡುವೆ ಮೂವರು ಹುಡುಗರ ಮೇಲೆ ಕಣ್ಣಿಟ್ಟು ಕೂರಬಲ್ಲವನು ಇದಕ್ಕೆ ಅಧಿಕಾರಿ. ಒಂದೇ ಸಂಜೆಯಲ್ಲಿ ಸೀಸನ್ ಮೇಲೆ ಸೀಸನ್ ಓಡಿಸಿ ಪ್ರಶಸ್ತಿ ನೋಡಬೇಕೆನ್ನುವವರಿಗೆ ಬ್ಯಾಸ್ಕೆಟ್‌ಬಾಲ್ ಜಿಎಂ ಇದೆ: ಅದೂ ಬ್ರೌಸರಿನಲ್ಲೇ, ಪುಕ್ಕಟೆ, ಒಬ್ಬರೇ ಆಡುವಂಥದ್ದು, ಒಳ್ಳೆಯ ಆಟವೂ ಹೌದು. ಅವರು ಅಲ್ಲಿಗೆ ಹೋಗಲಿ.